ಪೆನ್ನಿನ ಹುಳುಕು

ಪೆನ್ನು ಮನೆಗೆ ಬಂದ ದಿನ ಅದರಲ್ಲಿ ಯಾವ ಐಬೂ ಕಾಣಿಸಲಿಲ್ಲ. ಕಪ್ಪು ಮೈ, ಬಂಗಾರದ ಬಣ್ಣದ ನಿಬ್ಬು, ಮಲಗಲು ಮಖಮಲ್ಲಿನ ಹಾಸಿಗೆ. ಜೊತೆಗೆ ಕಂಪನಿಯವರು ಪುಕ್ಕಟೆಯಾಗಿ ಕಳಿಸಿದ ಒಂದು ಪುಟ್ಟ ಇಂಕಿನ ಬಾಟಲಿ. ಆ ಬಾಟಲಿಯ ಮುಚ್ಚಳ ಮಾತ್ರ ದಾರಿಯಲ್ಲೆಲ್ಲೋ ಏಟು ತಿಂದು ಬಿರುಕು ಬಿಟ್ಟಿತ್ತು. ಪುಕ್ಕಟೆ ಬಂದದ್ದರ ಮೇಲೆ ಯಾರು ಫಿರ್ಯಾದು ಹೇಳುತ್ತಾರೆ? ಚೀಟಿ ಸಾರ್ ಕೂಡ ಹೇಳಲಿಲ್ಲ.

ಚೀಟಿ ಸಾರ್ ಹಲ್ಲಿನ ಆಸ್ಪತ್ರೆಯೊಂದರ ಮುಂದಿನ ಮೇಜಿನವರು. ಒಳಗೆ ಡಾಕ್ಟರಮ್ಮ ಹಲ್ಲು ನೋಡುತ್ತಾರೆ, ಹೊರಗೆ ಇವರು ಚೀಟಿ ಬರೆಯುತ್ತಾರೆ: ಮತ್ತೆ ಯಾವಾಗ ಬರಬೇಕು, ಯಾವ ಕಡೆ ಅಗಿಯಬಾರದು, ಯಾವ ಮಾತ್ರೆ ಊಟದ ಮೇಲೆ. ಊರಿನ ಅರ್ಧ ಜನರ ಜೇಬಿನಲ್ಲಿ ಇವರ ಅಕ್ಷರವಿದೆ, ಇವರ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ. ಕೆನ್ನೆ ಊದಿಸಿಕೊಂಡು ಬಂದವರು ಕೂಡ ಚೀಟಿ ನೋಡಿ, “ಎಷ್ಟು ಮುದ್ದಾಗಿ ಬರೀತೀರಿ ಸಾರ್!” ಎಂದರೆ ಅವರಿಗೆ ಆ ದಿನವೆಲ್ಲ ಹಸಿವೇ ಆಗುವುದಿಲ್ಲ. ಇಂಥ ಕೈಯಲ್ಲಿ ಒಂದು ಒಳ್ಳೆಯ ಇಂಕು ಪೆನ್ನು ಇರಬೇಕೆಂಬುದು ಅವರ ಬಹುಕಾಲದ ಆಸೆ.

ಆಸೆಯಲ್ಲಿ ತಪ್ಪಿಲ್ಲ. ಫೋನಿನಲ್ಲಿ ತರಿಸಿದ್ದೇ ಎಡವಟ್ಟು. ಚೀಟಿ ಸಾರ್ ಫೋನಿನಲ್ಲಿ ತರಿಸಿದ ಯಾವುದೂ ಇದುವರೆಗೆ ನೆಟ್ಟಗೆ ಬಂದದ್ದಿಲ್ಲ. ಕೊಡೆ ತರಿಸಿದರು, ಅದು ಬಿಚ್ಚಿತು, ಮತ್ತೆ ಮುಚ್ಚಲಿಲ್ಲ. ಬಿಚ್ಚಿದ ಕೊಡೆ ಬಾಗಿಲಲ್ಲಿ ಹಿಡಿಸದೆ ಅವರು ಸ್ವಂತ ಮನೆಯ ಮುಂದೆ ಅತಿಥಿಯ ಹಾಗೆ ನಿಂತಿದ್ದನ್ನು ಬೀದಿಯೇ ನೋಡಿದೆ. ಬೂಟು ತರಿಸಿದರು, ಎರಡೂ ಎಡಗಾಲಿನವೇ. ಪೆನ್ನಿನ ಸುದ್ದಿ ಎತ್ತಿದಾಗ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ರೀ, ಇದೇ ಕೊನೇದು. ಇದೂ ಕೆಟ್ಟದ್ದೇ ಬಂದ್ರೆ ನಿಮ್ಮ ಫೋನು ನನ್ನ ಕೈಗೆ. ಆಮೇಲೆ ಒಂದು ಬನೀನು ಬೇಕಾದ್ರೂ ನಮ್ಮಣ್ಣನ್ನ ಕೇಳಿ ತರಿಸೋದು.”

“ಒಪ್ಪಿದೆ,” ಎಂದಿದ್ದರು ಚೀಟಿ ಸಾರ್. ಎಂದ ಮೇಲೆ ಬೆವರಿದ್ದರು.

ಫೋನು ಹೋದರೂ ಅವರಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಹೆಂಡತಿಯ ಅಣ್ಣನ ವಿಷಯದಲ್ಲಿ. ಆ ಭಾವ ಕೆಟ್ಟ ಮನುಷ್ಯನಲ್ಲ. ಅವರ ಮನೆಯ ಕೊಡೆ ಮುಚ್ಚುತ್ತದೆ, ಬೂಟು ಎರಡೂ ಕಾಲಿಗೆ ಹಿಡಿಸುತ್ತದೆ, ಅಷ್ಟೆ. ಆದರೆ ಇವರ ಮನೆಯಲ್ಲಿ ಏನೇ ಕೆಟ್ಟರೂ ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ, “ನನ್ನನ್ನ ಒಂದು ಮಾತು ಕೇಳಿದ್ದಿದ್ರೆ…” ಎನ್ನುತ್ತಾರೆ. ಆ ವಾಕ್ಯವನ್ನು ಒಮ್ಮೆಯೂ ಪೂರ್ತಿ ಮಾಡಿದವರಲ್ಲ. ಪೂರ್ತಿ ಮಾಡದೆ ಬಿಟ್ಟ ಆ ತುದಿ ಚೀಟಿ ಸಾರ್ ಅವರ ಎದೆಯಲ್ಲಿ ವಾರಗಟ್ಟಲೆ ಮುಳ್ಳಿನಂತೆ ಚುಚ್ಚುತ್ತದೆ. ಜೀವಮಾನದಲ್ಲಿ ಒಂದು ಸಲವಾದರೂ ಭಾವನ ಬಾಯಿಂದ “ಪರವಾಗಿಲ್ಲ, ಒಳ್ಳೆ ಮಾಲೇ ತಂದಿದ್ದೀರಿ” ಎಂದು ಕೇಳಬೇಕು ಎಂಬುದೇ ಅವರ ಹಟ.

ಹೀಗಾಗಿ ಪೆನ್ನನ್ನು ಕೆಲವು ದಿನ ಮಖಮಲ್ಲಿನಲ್ಲೇ ಮಲಗಿಸಿ, ಬಂದು ಬಂದು ನೋಡಿ ಖುಷಿಪಟ್ಟರು. ಬರೆದು ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ಇವತ್ತು ಬೆಳಿಗ್ಗೆ ಫೋನು ಕಿಣಿಕಿಣಿ ಎಂದು, “ವಾಪಸು ಮಾಡಲು ಇಂದೇ ಕೊನೆಯ ದಿನ” ಎಂದು ಎಚ್ಚರಿಸಿತು. ಇನ್ನು ತಡೆದು ಪ್ರಯೋಜನವಿರಲಿಲ್ಲ.

ಚೀಟಿ ಸಾರ್ ಅವರದು ಒಂದು ಅಭ್ಯಾಸ: ಹಳೆಯದು ಮುಗಿಯದೆ ಹೊಸದನ್ನು ಮುಟ್ಟುವುದಿಲ್ಲ. ಸವೆದು ಎಲೆಯಂತಾದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸಿ ಸ್ನಾನ ಮಾಡುವ ಜಾತಿ. ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ, ಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ದಪ್ಪ ಗಾಜಿನ ಇಂಕಿನ ಬಾಟಲಿಯೊಂದು ಕೂತಿತ್ತು. ಅಲ್ಲಾಡಿಸಿದರು, ತಳದಲ್ಲಿ ನೀಲಿ ಇತ್ತು. ಪೆನ್ನಿನ ಬಾಯಿ ಅದ್ದಿ ಬಾಲ ತಿರುಗಿಸಿ, ಇದ್ದಬದ್ದದ್ದನ್ನು ಹೀರಿಸಿದರು. ಆಮೇಲೆ, ಬಿರುಕು ಮುಚ್ಚಳದ ಹೊಸ ಬಾಟಲಿ ಸೋರಿ ಹಾಳಾಗದಿರಲಿ ಎಂದು, ಆ ಹೊಸ ಇಂಕನ್ನೆಲ್ಲ ಹಳೆಯ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಇದ್ದ ಜಾಗದಲ್ಲೇ ಇಟ್ಟರು. ಖಾಲಿ ಬಾಟಲಿಯನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ಕಸಕ್ಕೆ ಹಾಕಿದರು. ಅಚ್ಚುಕಟ್ಟಾದ ಕೆಲಸ. ಕೈ ಕೂಡ ಮಸಿಯಾಗಲಿಲ್ಲ.

“ಅಲ್ಲೇನು ಮಾಡ್ತಿದ್ದೀರಿ?” ಹೆಂಡತಿ ಒಳಗಿನಿಂದ ಕೂಗಿದಳು.

“ಗಾಳಿ ತಗೋತಿದ್ದೀನಿ!”

“ಗಾಳಿ ಆಮೇಲೆ ತಗೊಳ್ಳಿ. ಬಿಳಿ ಶರ್ಟುಗಳನ್ನೆಲ್ಲ ತಂದು ಬಕೆಟ್ಟಿಗೆ ಹಾಕಿ. ಬೂದಿ ಬಣ್ಣಕ್ಕೆ ತಿರುಗಿವೆ. ಇವತ್ತು ಅವುಗಳ ಗತಿ ಕಾಣಿಸ್ತೀನಿ.”

ಆಸ್ಪತ್ರೆಯಲ್ಲಿ ಬಿಳಿ ಶರ್ಟೇ ಹಾಕಬೇಕೆಂಬುದು ಡಾಕ್ಟರಮ್ಮನ ಕಟ್ಟಪ್ಪಣೆ. ಚೀಟಿ ಸಾರ್ ಇರುವ ಬಿಳಿ ಶರ್ಟುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ಕಾಲರು ಹರಿದ ಒಂದನ್ನು ಮಾತ್ರ ಉಳಿಸಿಕೊಂಡು ತೊಟ್ಟು, ಪೆನ್ನನ್ನು ಜೇಬಿಗೆ ಸಿಕ್ಕಿಸಿ ಹೊರಟರು. ಬೀದಿಯಲ್ಲಿ ಎದೆ ಮುಂದೆ ಮಾಡಿ ನಡೆದರು.

ಮೊದಲ ಚೀಟಿಯಲ್ಲೇ ಎದೆ ಹಿಂದಕ್ಕೆ ಹೋಯಿತು.

ಪೆನ್ನು ಬರೆಯಿತು, ಬರೆಯಲಿಲ್ಲ ಅನ್ನುವಂತಿಲ್ಲ. ಆದರೆ ಅಕ್ಷರ ಮೂಡುತ್ತಿದ್ದ ಹಾಗೇ ಮಂಕಾಗಿ, ಕಾಗದದ ಮೇಲೆ ಹರಡಿ, ಒಣಗುವಷ್ಟರಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತಿತ್ತು. ಚೀಟಿ ತೆಗೆದುಕೊಂಡ ಹೆಂಗಸು ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಸಾರ್, ನಾನು ಹಲ್ಲಿಗೆ ಬಂದದ್ದು. ಈಗ ಕಣ್ಣೂ ತೋರಿಸಬೇಕೇನೋ ಅನ್ನಿಸ್ತಿದೆ.”

ಚೀಟಿ ಸಾರ್ ಗುಟ್ಟಾಗಿ ಸೀಸದ ಕಡ್ಡಿಯಲ್ಲಿ ಬೇರೆ ಚೀಟಿ ಬರೆದುಕೊಟ್ಟರು. ಮುಖ ಚಿಕ್ಕದಾಗಿತ್ತು. ಕೆಟ್ಟ ಮಾಲು, ಮತ್ತೆ ಕೆಟ್ಟ ಮಾಲು! ವಾಪಸು ಕಳಿಸಿದರೆ ಹೆಂಡತಿಗೆ ಗೊತ್ತಾಗುತ್ತದೆ. ಇಟ್ಟುಕೊಂಡರೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಸಂಜೆಯೊಳಗೆ ಈ ಪೆನ್ನು ಬರೆಯಲೇಬೇಕು, ಬೇರೆ ದಾರಿಯಿಲ್ಲ.

“ಏನ್ಸಾರ್, ಹೊಸ ಪೆನ್ನಾ?” ಕಾಂಪೌಂಡರ್ ಬೆನ್ನ ಹಿಂದೆ ನಿಂತಿದ್ದ. ಈ ಮನುಷ್ಯ ಮೂಗು ತೂರಿಸದ ಜಾಗವಿಲ್ಲ. ಆಸ್ಪತ್ರೆಯ ನಲ್ಲಿ ಸೋರಿದರೂ, ಗೋಡೆ ಗಡಿಯಾರ ನಿಂತರೂ ಮೊದಲ ಚಿಕಿತ್ಸೆ ಇವನದೇ. “ಕೊಡಿ ಇಲ್ಲಿ. ಇದಕ್ಕೆಲ್ಲ ಒಂದು ಕೈ ಬೇಕು.”

“ಬೇಡಪ್ಪ, ಅದು…”

ಅಷ್ಟರಲ್ಲಿ ಅವನು ಪೆನ್ನನ್ನು ಥರ್ಮಾಮೀಟರಿನ ಹಾಗೆ ಜಾಡಿಸಿಯಾಗಿತ್ತು. ನೀಲಿ ಹನಿಗಳು ಸಾಲಾಗಿ ಹಾರಿ ಅವನದೇ ಬಿಳಿ ಕೋಟಿನ ಹೊಟ್ಟೆಯ ಮೇಲೆ ಕೂತವು. ಪೆನ್ನು ಆಮೇಲೂ ಹಾಗೇ ಬರೆಯಿತು. ಕಾಂಪೌಂಡರ್ ಸದ್ದಿಲ್ಲದೆ ಪೆನ್ನು ವಾಪಸು ಕೊಟ್ಟು, ಒದ್ದೆ ಹತ್ತಿಯಿಂದ ಕೋಟು ಉಜ್ಜಿಕೊಳ್ಳುತ್ತ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನಗುನಗುತ್ತ ಬಂದ. “ನೋಡಿ ಸಾರ್, ಒರೆಸೋದ್ರಲ್ಲಿ ನನ್ನ ಕೈ! ಗುರುತಾದ್ರೂ ಇದೆಯಾ?”

ಇರಲಿಲ್ಲ. ಒರೆಸಿದ ಜಾಗ ಉಳಿದ ಕೋಟಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು. ಚೀಟಿ ಸಾರ್ ಅವರಿಗೆ ಕೋಟು ನೋಡುವ ಮನಸ್ಸಿರಲಿಲ್ಲ.

ಒಳಗಿನ ಕುರ್ಚಿಯಲ್ಲಿ ಆಗ ನಿವೃತ್ತ ಮೇಷ್ಟ್ರು ಕೂತಿದ್ದರು. ಊರಿನ ಮೂರು ತಲೆಮಾರಿಗೆ ಕಾಗುಣಿತ ತಿದ್ದಿಸಿದವರು. ಅವರ ಹಿಂದಿನ ದವಡೆ ಹಲ್ಲೊಂದು ಕೀಳಬೇಕಿತ್ತು. ಡಾಕ್ಟರಮ್ಮ ಸೂಜಿ ಚುಚ್ಚಿ, ಬಾಯಿ ಮುಚ್ಚದಂತೆ ರಬ್ಬರಿನ ತುಂಡು ಸಿಕ್ಕಿಸಿ, ಜೊಲ್ಲು ಎಳೆಯುವ ಕೊಳವೆ ಇಳಿಬಿಟ್ಟು, ದವಡೆ ಮರಗಟ್ಟಲಿ ಎಂದು ಕಾಯುತ್ತಿದ್ದರು. ಕೈ ಖಾಲಿ ಇದ್ದರೆ ಅವರಿಗೆ ಚಡಪಡಿಕೆ.

“ಏನು ಚೀಟಿ ಸಾರ್, ಮುಖ ಯಾಕೆ ಹೀಗೆ? ಹಲ್ಲು ನೋವಾ?”

“ನನಗಲ್ಲ ಮೇಡಂ. ಪೆನ್ನಿಗೆ.”

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಓದಿದ್ದೆಲ್ಲ ಬಾಲ್ ಪೆನ್ನಿನಲ್ಲಿ ಬರೆದು ಪಾಸು ಮಾಡಿದವರು. ಇಂಕು ಪೆನ್ನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದುದು ಇದೇ ಮೊದಲು. ಹಣೆಯ ಮೇಲಿದ್ದ ಭೂತಗನ್ನಡಿ ಇಳಿಸಿ, ದೀಪ ಎಳೆದುಕೊಂಡು, ಮೊನಚು ಕಡ್ಡಿಯಿಂದ ನಿಬ್ಬನ್ನು ಕೆದಕಿದರು. ಇದ್ದಕ್ಕಿದ್ದಂತೆ ಉಸಿರೆಳೆದುಕೊಂಡರು.

“ಅಯ್ಯಯ್ಯೋ. ಇದು ಎಷ್ಟು ದಿನದಿಂದ ಇದೆ?”

“ಬೆಳಿಗ್ಗೆಯಿಂದ ಮೇಡಂ,” ಎಂದರು ಚೀಟಿ ಸಾರ್.

“ಹುಳುಕು! ಸರಿಯಾಗಿ ನಡುಮಧ್ಯೆ ದುಂಡಗೆ ತೂತು ಬಿದ್ದಿದೆ. ಅಲ್ಲಿಂದ ತುದಿತನಕ ಬಿರುಕು ಓಡಿದೆ. ಇನ್ನು ಸ್ವಲ್ಪ ಬಿಟ್ಟಿದ್ದರೆ ಎರಡು ಹೋಳು.”

ಕಾಂಪೌಂಡರ್ ಬಗ್ಗಿ ನೋಡಿ ಲೊಚಗುಟ್ಟಿದ. “ಹೊಸ ಪೆನ್ನಿಗೇ ಹುಳುಕು! ಕಾಲ ಕೆಟ್ಟೋಯ್ತು ಸಾರ್.”

ಚೀಟಿ ಸಾರ್ ಕೂಡ ಬಗ್ಗಿ ನೋಡಿದರು. ನಿಜ, ತೂತು ಇತ್ತು. ಬಿರುಕೂ ಇತ್ತು. ಶಾಲೆಯಲ್ಲಿ ಅವರೂ ಇಂಕು ಪೆನ್ನಿನಲ್ಲೇ ಬರೆದವರು, ಆದರೆ ನಿಬ್ಬಿನ ಮುಖವನ್ನು ಯಾರು ನೋಡಿ ನೆನಪಿಟ್ಟುಕೊಳ್ಳುತ್ತಾರೆ? ಡಾಕ್ಟರಮ್ಮ ಹುಳುಕು ಎಂದ ಹಲ್ಲು ಇದುವರೆಗೆ ಹುಳುಕೇ ಆಗಿದೆ. ಅವರಿಗೆ ಕಂಪನಿಯ ಮೇಲೆ ಕೆಟ್ಟ ಕೋಪ ಬಂತು.

“ಮೇಡಂ, ವಾಪಸು ಕಳಿಸೋದೇ ಒಳ್ಳೇದಾ?”

“ಕಿತ್ತು ಬಿಸಾಕೋದು ಯಾವಾಗಲೂ ಇದ್ದೇ ಇದೆ. ಮೊದಲು ಉಳಿಸೋಕೆ ನೋಡೋಣ,” ಎಂದರು ಡಾಕ್ಟರಮ್ಮ. ಅದು ಅವರು ಎಲ್ಲ ಹಲ್ಲಿಗೂ ಹೇಳುವ ಮಾತು. ಮೇಷ್ಟ್ರ ಹಲ್ಲಿಗೆ ಮಾತ್ರ ಆ ಭಾಗ್ಯ ಸಿಕ್ಕಿರಲಿಲ್ಲ.

ಮೊದಲು ಪೆನ್ನಿನ ಎಕ್ಸ್‌ರೇ ತೆಗೆದರು. “ಬೇರು ಗಟ್ಟಿಯಾಗಿದೆ,” ಎಂದರು. ಆಮೇಲೆ ನಿಬ್ಬಿನ ಸುತ್ತ ಹತ್ತಿ ಇಟ್ಟು, ಗಾಳಿ ಊದಿ ಒಣಗಿಸಿದರು. ಆಗ ಕುರ್ಚಿಯಿಂದ ಸದ್ದು ಬಂತು.

“ಆಆ! ಊಂಊಂ! ಆಹ್!”

ಮೇಷ್ಟ್ರು ಕಣ್ಣು ಕೆಂಪಗೆ ಮಾಡಿಕೊಂಡು ಬೆರಳಾಡಿಸುತ್ತಿದ್ದರು.

“ನೋವಾಗ್ತಿದೆ ಅನ್ಸುತ್ತೆ ಮೇಡಂ,” ಎಂದ ಕಾಂಪೌಂಡರ್.

“ಇನ್ನೂ ಹಿಡಿದಿಲ್ಲವಾ? ಇನ್ನೊಂದು ಚುಚ್ಚೋಣ,” ಎಂದು ಡಾಕ್ಟರಮ್ಮ ಇನ್ನೊಂದು ಚುಚ್ಚಿದರು.

ಮೇಷ್ಟ್ರು ಸೋಲಲಿಲ್ಲ. ಪೆನ್ನಿನ ಕಡೆ ಕೈ ತೋರಿಸಿ, ಗಾಳಿಯಲ್ಲಿ ಬೆರಳಿನಿಂದ ದುಂಡಗೆ ತೂತು ಬರೆದು, ಎರಡು ಕೈಯನ್ನೂ ಜೋರಾಗಿ ಆಡಿಸಿ ಬೇಡ ಬೇಡ ಎಂದರು. ಕಾಂಪೌಂಡರ್ ಅವರ ಭುಜ ತಟ್ಟಿದ. “ಹೌದು ಮೇಷ್ಟ್ರೇ, ನಿಮ್ಮದರಲ್ಲೂ ತೂತು ಇದೆ. ಆದ್ರೆ ನಿಮ್ಮದು ಕೈ ಮೀರಿದೆ. ಹೆದರಬೇಡಿ, ಗೊತ್ತೇ ಆಗಲ್ಲ.”

ಡಾಕ್ಟರಮ್ಮ ಹಲ್ಲಿಗೆ ತುಂಬುವ ಬಿಳಿಯ ಪದಾರ್ಥವನ್ನು ನಿಬ್ಬಿನ ತೂತಿಗೆ ಒತ್ತಿ, ಬಿರುಕಿನ ಉದ್ದಕ್ಕೂ ನಯವಾಗಿ ಸವರಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿದರು. ನಿಜಕ್ಕೂ ಚೆಂದದ ಕೆಲಸ. ಬಂಗಾರದ ನಿಬ್ಬಿನ ನಡುವೆ ಮುತ್ತಿನಂಥ ಚುಕ್ಕೆ.

“ಈಗ ಬರೀರಿ.”

ಚೀಟಿ ಸಾರ್ ಬರೆದರು. ಬೆಳಿಗ್ಗೆ ಮಂಕಾಗಿ ಬರೆಯುತ್ತಿದ್ದ ಪೆನ್ನು ಈಗ ಬರೆಯುವುದನ್ನೇ ಬಿಟ್ಟಿತ್ತು. ಕಾಗದದ ಮೇಲೆ ಬರೀ ಗೀರು ಬಿತ್ತು. ಅವರ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ.

“ಸ್ವಲ್ಪ ಹೊತ್ತು ಆ ಕಡೆ ಬರೀಬೇಡಿ,” ಎಂದರು ಡಾಕ್ಟರಮ್ಮ ಅಭ್ಯಾಸಬಲದಿಂದ. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಇಕ್ಕಳ ಹಿಡಿದು, ಒಂದು ಸಲ ಅತ್ತ, ಒಂದು ಸಲ ಇತ್ತ ಅಲ್ಲಾಡಿಸಿ, ಹಲ್ಲನ್ನು ತಟ್ಟೆಗೆ ಟಣ್ಣೆಂದು ಹಾಕಿದರು. ರಬ್ಬರು ತೆಗೆದದ್ದೇ ತಡ, ಮೇಷ್ಟ್ರು ಉಗುಳಿ, ಹಲ್ಲು ಹೋದದ್ದನ್ನೂ ಮರೆತು ಗುಡುಗಿದರು.

“ಉಸಿರಿನ ತೂತು ಕಣಮ್ಮಾ ಅದು! ಪ್ರತಿ ನಿಬ್ಬಿಗೂ ಇರುತ್ತೆ! ಬಿರುಕಲ್ಲ, ಇಂಕು ಇಳಿಯೋ ದಾರಿ! ಮೂಗಿನ ಹೊಳ್ಳೆಗೂ ಸಿಮೆಂಟು ಹಾಕ್ತೀಯೇನಮ್ಮಾ ನೀನು?”

ಕೋಣೆಯಲ್ಲಿ ಜೊಲ್ಲಿನ ಕೊಳವೆ ಮಾತ್ರ ಗೊರಗೊರ ಎನ್ನುತ್ತಿತ್ತು. ಡಾಕ್ಟರಮ್ಮನ ಕಿವಿ ಕೆಂಪಾಯಿತು.

“ನಮ್ಮ ಓದಿನಲ್ಲಿ ಇದು ಬರಲ್ಲ ಮೇಷ್ಟ್ರೇ,” ಎಂದು ಮೆಲ್ಲಗೆ ಹೇಳಿ, ಅವರು ಇನ್ನೇನಾದರೂ ಹೇಳುವ ಮೊದಲೇ ದೊಡ್ಡ ಹತ್ತಿಯುಂಡೆಯೊಂದನ್ನು ಬಾಯಿಗೆ ಇಟ್ಟು ಕಚ್ಚಿಸಿದರು. ಆಮೇಲೆ ಕೊರೆಯುವ ಯಂತ್ರ ಎತ್ತಿಕೊಂಡರು. ತುಂಬಿದ್ದನ್ನು ಚೂರೂ ಉಳಿಯದಂತೆ ತೆಗೆಯುವುದು ಅವರ ಕಸುಬಿನ ಧರ್ಮ. ಯಂತ್ರ ಸುಂಯ್ ಎಂದಾಗಲೆಲ್ಲ ಚೀಟಿ ಸಾರ್ ತಮ್ಮ ಕೆನ್ನೆ ಹಿಡಿದುಕೊಂಡರು. ಸಿಮೆಂಟು ಪೂರ್ತಿ ಹೋಯಿತು. ಜೊತೆಗೆ ತೂತಿನ ಅಂಚೂ ಒಂದಿಷ್ಟು ಹೋಗಿ, ತೂತು ಮೊದಲಿಗಿಂತ ಧಾರಾಳವಾಯಿತು.

ಬರೆದು ನೋಡಿದರು. ಬೆಳಿಗ್ಗೆ ಹೇಗೆ ಬರೆದಿತ್ತೋ ಹಾಗೇ ಬರೆಯಿತು. ಮಂಕು, ಹರಡು, ಮಾಯ.

ಮೇಷ್ಟ್ರು ಆ ಚೀಟಿಯನ್ನು ಕಸಿದುಕೊಂಡು ಕಿಟಕಿಗೆ ಹಿಡಿದರು. ಮೂಸಿ ನೋಡಿದರು. ಹುಬ್ಬು ಗಂಟಿಕ್ಕಿತು. ಪೆನ್ನಿನ ಹೊಟ್ಟೆಯನ್ನು ತಟ್ಟಿ ತೋರಿಸಿದರು, ಆಮೇಲೆ ಕಾಂಪೌಂಡರನ ಕೋಟಿನ ಮೇಲಿದ್ದ ಬೆಳ್ಳನೆಯ ಜಾಗವನ್ನು ತೋರಿಸಿದರು.

“ಹೌದು ಮೇಷ್ಟ್ರೇ, ನಾನೇ ಒರೆಸಿದ್ದು,” ಎಂದ ಅವನು ಹೆಮ್ಮೆಯಿಂದ.

ಮೇಷ್ಟ್ರು ಹತ್ತಿ ಹೊರತೆಗೆಯಲು ಕೈ ಹಾಕಿದರು. “ಬಾಯಿ ಬಿಟ್ರೆ ರಕ್ತ ನಿಲ್ಲಲ್ಲ!” ಎಂದು ಕಾಂಪೌಂಡರ್ ಅದನ್ನು ಮತ್ತೆ ಒಳಕ್ಕೆ ದೂಡಿದ. ಅವರು ತಲೆ ಚಚ್ಚಿಕೊಂಡು, ಬರೆದು ತೋರಿಸುತ್ತೇನೆ ಎಂದು ಸನ್ನೆ ಮಾಡಿದರು. ಚೀಟಿ ಸಾರ್ ವಿನಯದಿಂದ ಕಾಗದ ಚಾಚಿ, ಕೈಯಲ್ಲಿದ್ದ ಪೆನ್ನನ್ನೇ ಕೊಟ್ಟರು. ಮೇಷ್ಟ್ರು ಆವೇಶದಲ್ಲಿ ಎರಡು ಸಾಲು ಬರೆದು ಮುಂದಕ್ಕೆ ನೂಕಿದರು. ಎಲ್ಲರೂ ಬಗ್ಗಿ ನೋಡಿದರು. ಏನು ಬರೆದಿದ್ದರೋ, ಒಂದಕ್ಷರವೂ ಕಾಣಲಿಲ್ಲ.

ಬೇರೆ ಪೆನ್ನು ಹುಡುಕುವಷ್ಟರಲ್ಲಿ ಹೊರಗೆ ಮೇಷ್ಟ್ರ ಮಗಳು ಕಾರಿನ ಹಾರ್ನು ಬಾರಿಸಿದಳು. ಅವರು ಚೀಟಿ ಸಾರ್ ಅವರನ್ನು, ಏಳರ ಮಗ್ಗಿ ತಪ್ಪಿದ ಹುಡುಗನನ್ನು ನೋಡುವಂತೆ ನೋಡಿ, ಕೆನ್ನೆ ಹಿಡಿದುಕೊಂಡು ಹೊರಟುಹೋದರು.

“ಮೇಷ್ಟ್ರ ಕೈಯಲ್ಲೂ ಬರೀಲಿಲ್ಲ ಅಂದ್ಮೇಲೆ ಮುಗೀತು ಸಾರ್,” ಎಂದು ಕಾಂಪೌಂಡರ್ ತೀರ್ಪು ಕೊಟ್ಟ. ಡಾಕ್ಟರಮ್ಮನೂ ತಲೆ ಅಲ್ಲಾಡಿಸಿದರು. “ಹುಟ್ಟಿನಿಂದಲೇ ದೋಷ. ವಾಪಸು ಕಳಿಸಿಬಿಡಿ.”

ಚೀಟಿ ಸಾರ್ ಮೇಜಿಗೆ ಬಂದು ಕೂತು, ಭಾರವಾದ ಬೆರಳಿನಿಂದ ಫೋನಿನಲ್ಲಿ ‘ದೋಷಪೂರಿತ’ ಎಂಬಲ್ಲಿ ಒತ್ತಿದರು. “ನಮ್ಮ ಪ್ರತಿನಿಧಿ ಇಂದು ಸಂಜೆ ನಿಮ್ಮ ಮನೆಗೆ ಬರುತ್ತಾರೆ” ಎಂದು ಫೋನು ಹೇಳಿತು. ಮನೆಗೆ! ಆಸ್ಪತ್ರೆಗೆ ಕಳಿಸಿ ಎಂದು ಎಲ್ಲೆಲ್ಲೋ ಒತ್ತಿದರು. ಫೋನು ತನ್ನ ಮಾತೇ ಮಾತು ಎಂದಿತು. ಉಳಿದದ್ದು ಒಂದೇ ಉಪಾಯ. ಬೇಗ ಹೋಗಿ ಗೇಟಿನ ಹೊರಗೇ ಅವನನ್ನು ಹಿಡಿದು, ಪೆನ್ನು ಅವನ ಕೈಗೆ ತುರುಕಿ, ಏನೂ ಆಗದವರ ಹಾಗೆ ಒಳಗೆ ಹೋಗಿ ಕಾಫಿ ಕೇಳುವುದು. ಪೆನ್ನು ಎಲ್ಲಿ ಎಂದರೆ ಆಸ್ಪತ್ರೆಯ ಮೇಜಿನಲ್ಲಿದೆ ಎನ್ನುವುದು. ಬದಲಿ ಪೆನ್ನು ಬರುವತನಕ ಈ ಸುಳ್ಳು ತಡೆದರೆ ಸಾಕು.

ಸಂಜೆ ಅವರು ಅರ್ಧ ಓಡುತ್ತ ಮನೆ ತಲುಪಿದರು. ಗೇಟಿನಲ್ಲಿ ಯಾರೂ ಇರಲಿಲ್ಲ. ನಿಟ್ಟುಸಿರು ಬಿಟ್ಟು, ಕಾವಲು ನಿಲ್ಲಲು ಜಾಗ ಹುಡುಕುತ್ತ ಅಂಗಳದ ಕಡೆ ನೋಡಿದರು. ನೋಡಿದವರು ಹಾಗೇ ನಿಂತರು.

ಹಗ್ಗದ ಮೇಲೆ ಅವರ ಶರ್ಟುಗಳು ಸಾಲಾಗಿ ತೂಗಾಡುತ್ತಿದ್ದವು. ಎಲ್ಲವೂ ನೀಲಿ. ಒಂದು ಕಡೆ ಕಡುನೀಲಿ, ಒಂದು ಕಡೆ ತಿಳಿನೀಲಿ, ತೋಳಿನಲ್ಲಿ ಗೆರೆಗೆರೆ, ಬೆನ್ನಿನಲ್ಲಿ ನಕಾಶೆಯಂತೆ ಕಲೆ. ಹೆಂಡತಿ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

“ಇದೇನೇ ಇದು?”

ಅವಳು ಮುಖ ಎತ್ತಿದಳು. ಇಷ್ಟು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಅಪರಾಧಿ ಕಳೆಯನ್ನು ಅವರು ಕಂಡಿರಲಿಲ್ಲ.

“ರೀ, ಬೈಬೇಡಿ. ನಂದೇ ತಪ್ಪು. ಬಟ್ಟೆಗೆ ಹಾಕೋ ನೀಲಿ ಇತ್ತಲ್ಲ, ಈ ಸಲ ಅದನ್ನ ನಿಮಗೆ ಹೇಳದೆ ನಾನೂ ಫೋನಲ್ಲೇ ತರಿಸಿದ್ದೆ. ಮೊದಲೆರಡು ಸಲ ಚೆನ್ನಾಗೇ ಇತ್ತು. ಇವತ್ತು ಯಾವಾಗಿನ ಹಾಗೇ ಒಂದು ಮುಚ್ಚಳ ನೀರಿಗೆ ಹಾಕಿದೆ. ಶರ್ಟು ತುಂಬ ಮಂಕಾಗಿದ್ವಲ್ಲ, ಇರಲಿ ಅಂತ ಇನ್ನೊಂದು ಹಾಕ್ಬಿಟ್ಟೆ. ಎತ್ತಿ ನೋಡಿದ್ರೆ ಹೀಗೆ! ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ. ನಿಮಗೆ ಅಷ್ಟೆಲ್ಲ ಅಂದೆ. ನಾನು ತರಿಸಿದ್ದೂ ಕೆಟ್ಟದ್ದೇ ಬಂತು. ಫೋನು ನೀವೇ ಇಟ್ಟುಕೊಳ್ಳಿ. ಅಣ್ಣನ್ನ ಯಾವುದಕ್ಕೂ ಕೇಳೋದು ಬೇಡ.”

ಚೀಟಿ ಸಾರ್ ಅವರಿಗೆ ಶರ್ಟುಗಳು ಮರೆತುಹೋದವು. ಎದೆಯೊಳಗೆ ಏನೋ ಬಿಚ್ಚಿಕೊಂಡಂತಾಯಿತು. ಗೆದ್ದಿದ್ದರು! ಕೈ ಅಲ್ಲಾಡಿಸದೆ ಗೆದ್ದಿದ್ದರು. ಅವರು ಹೆಂಡತಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ಬಹಳ ದೊಡ್ಡ ಮನಸ್ಸಿನವರ ಧ್ವನಿಯಲ್ಲಿ ಸಮಾಧಾನ ಹೇಳಿದರು.

“ಹೋಗ್ಲಿ ಬಿಡು. ಈ ಕಂಪನಿಗಳೇ ಹಾಗೆ. ನಾವು ಏನು ಮಾಡೋಕಾಗುತ್ತೆ?”

ಆ ದೊಡ್ಡ ಮನಸ್ಸಿನಲ್ಲಿ ಗೇಟು ಕಾಯುವುದು ಮರೆತುಹೋಯಿತು.

“ಸಾರ್, ಪೆನ್ನು ವಾಪಸ್ಸು!” ಪಾರ್ಸೆಲ್ಲಿನವನು ಚೀಲ ಹೊತ್ತು ನೇರವಾಗಿ ಅಂಗಳಕ್ಕೇ ಬಂದಿದ್ದ.

ಹೆಂಡತಿ ಗಂಡನ ಮುಖ ನೋಡಿದಳು. ಚೀಟಿ ಸಾರ್ ಜೇಬಿನಿಂದ ಪೆನ್ನು ತೆಗೆದರು, ಹಲ್ಲು ಕಿರಿದರು. ಒಂದು ಗಳಿಗೆ ಏನಾಗುವುದೋ ಎನ್ನುವಂತಿತ್ತು. ಅಷ್ಟರಲ್ಲಿ ಅವಳು ಫಕ್ಕನೆ ನಕ್ಕಳು.

“ನಿಮ್ಮದೂ ಕೆಟ್ಟದ್ದೇನಾ?”

“ಹುಟ್ಟಿನಿಂದಲೇ ದೋಷವಂತೆ,” ಎಂದು ಇವರೂ ನಕ್ಕರು. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಹೀಗೆ ಜೊತೆಗೆ ನಕ್ಕು ಎಷ್ಟು ಕಾಲವಾಗಿತ್ತೋ! ಪೆನ್ನು ಹಾಳಾದರೂ ಚಿಂತೆಯಿಲ್ಲ ಎನಿಸಿತು ಚೀಟಿ ಸಾರ್ ಅವರಿಗೆ.

“ಇಂಕು ಖಾಲಿ ಮಾಡಿ ಕೊಡಿ ಸಾರ್,” ಎಂದ ಪಾರ್ಸೆಲ್ಲಿನವನು. “ತುಂಬಿದ ಪೆನ್ನು ತಗೊಳ್ಳೋ ಹಾಗಿಲ್ಲ. ಹಿಂದೆ ಒಂದು ಸಲ ನನ್ನ ಚೀಲವೆಲ್ಲ ಸೋರಿ ಹೋಗಿತ್ತು.”

ಬಟ್ಟೆ ಕಲ್ಲಿನ ಪಕ್ಕ ಒಂದು ಬಿಳಿ ಮಗ್ಗಿನಲ್ಲಿ ನೀರಿತ್ತು. ಚೀಟಿ ಸಾರ್ ಪೆನ್ನಿನ ಬಾಯಿ ಅದರಲ್ಲಿ ಅದ್ದಿ ಬಾಲ ತಿರುಗಿಸಿದರು. ತಿಳಿಯಾದ, ತಣ್ಣನೆಯ, ಆಕಾಶದಂಥ ನೀಲಿಯೊಂದು ನೀರಿನಲ್ಲಿ ಸುರುಳಿ ಸುರುಳಿಯಾಗಿ ಇಳಿಯಿತು. ಹೆಂಡತಿಯ ನಗು ನಿಂತಿತು. ಅವಳು ಬಗ್ಗಿ ನೋಡಿದಳು. ಕೈಯಲ್ಲಿದ್ದ ಕರವಸ್ತ್ರದ ತುದಿ ಅದ್ದಿ, ಹಿಂಡಿ, ಬೆಳಕಿಗೆ ಹಿಡಿದಳು. ತುದಿ ಬೆಳ್ಳಗೆ ಹೊಳೆಯಿತು.

“ರೀ, ಇದು ನನ್ನ ನೀಲಿ.”

“ಯಾವ ನೀಲಿ?”

“ಬಟ್ಟೆ ನೀಲಿ! ದೊಡ್ಡ ಡಬ್ಬಿಯಿಂದ ಸುರಿಯೋಕೆ ಕಷ್ಟ ಅಂತ ಸ್ವಲ್ಪ ಸ್ವಲ್ಪ ಆ ಹಳೇ ಇಂಕಿನ ಬಾಟಲಿಗೆ ಹಾಕಿ ಇಟ್ಕೋತೀನಿ. ಬೆಳಿಗ್ಗೆ ಅಲ್ಲಿ ಗಾಳಿ ತಗೋತಿದ್ರಲ್ಲ, ಏನು ಮಾಡಿದ್ರಿ?”

ಚೀಟಿ ಸಾರ್ ಅವರ ಬಾಯಿ ತೆರೆಯಿತು. ಹತ್ತಿ ಕಚ್ಚಿದ ಮೇಷ್ಟ್ರ ಹಾಗೆ ಅದರಿಂದ ಮಾತು ಮಾತ್ರ ಬರಲಿಲ್ಲ. ಕಾಂಪೌಂಡರನ ಕೋಟಿನ ಬೆಳ್ಳನೆಯ ಹೊಟ್ಟೆ ಕಣ್ಣ ಮುಂದೆ ಬಂತು. ಕಂಪನಿಯ ಹೊಸ ಇಂಕು ಎಲ್ಲಿಗೆ ಹೋಗಿತ್ತು ಎಂಬುದನ್ನು ಹಗ್ಗದ ಮೇಲಿನ ಶರ್ಟುಗಳು ಗಾಳಿಯಲ್ಲಿ ತೋಳು ಬೀಸಿ ಹೇಳುತ್ತಿದ್ದವು.

ಹೆಂಡತಿ ಎದ್ದು ಹೋಗಿ, ಗೂಡಿನಿಂದ ಬಾಟಲಿ ತಂದು ಪಾರ್ಸೆಲ್ಲಿನವನ ಮುಂದೆ ಇಟ್ಟಳು. “ಇದನ್ನ ತುಂಬಿ ಬರೆದು ನೋಡಪ್ಪ.”

ಅವನು ತುಂಬಿ, ತನ್ನ ಕಾಗದದ ಮೂಲೆಯಲ್ಲಿ ಗೀಚಿದ. ಗೆರೆ ಕಡುನೀಲಿಯಾಗಿ, ರೇಷ್ಮೆಯಂತೆ ಜಾರಿ ಬಂತು. “ಆಹಾ! ಎಂಥಾ ಪೆನ್ನು ಸಾರ್! ಇದರಲ್ಲಿ ದೋಷ ಏನೂ ಇಲ್ಲ. ಒಳ್ಳೆ ಮಾಲನ್ನ ನಾನು ವಾಪಸು ತಗೊಳ್ಳೋ ಹಾಗಿಲ್ಲ. ದೋಷ ಇಲ್ಲ ಅಂತ ಇಲ್ಲೊಂದು ಸಹಿ ಹಾಕಿ.”

ಚೀಟಿ ಸಾರ್ ಪೆನ್ನು ತೆಗೆದುಕೊಂಡರು. ಏನಾದರಾಗಲಿ, ಪೆನ್ನು ಒಳ್ಳೆಯದು ಎಂದಾಯಿತಲ್ಲ! ಆ ಒಂದು ಸಮಾಧಾನದಲ್ಲಿ ತಮ್ಮ ಮುದ್ದಾದ ಅಕ್ಷರದಲ್ಲಿ ಸಹಿ ಹಾಕಿ, ಚೆಂದ ನೋಡಲೆಂದು ಪೆನ್ನನ್ನು ಎದೆಯ ಹತ್ತಿರ ಎತ್ತಿ ಹಿಡಿದರು. ಡಾಕ್ಟರಮ್ಮ ಧಾರಾಳ ಮಾಡಿದ್ದ ತೂತು ಅಷ್ಟೇ ಧಾರಾಳವಾಗಿ ಕೆಲಸ ಮಾಡಿತು. ಗೋಲಿ ಗಾತ್ರದ ಹನಿಯೊಂದು ಇಳಿದು, ಮನೆಯಲ್ಲಿ ಉಳಿದಿದ್ದ ಏಕೈಕ ಬಿಳಿ ಶರ್ಟಿನ ಜೇಬಿನ ಮೇಲೆ ಬಿದ್ದು, ನಿಧಾನವಾಗಿ ಹರಡಿತು.

ಪಾರ್ಸೆಲ್ಲಿನವನು ಚೀಲ ಎತ್ತಿಕೊಂಡು ಜಾಗ ಖಾಲಿ ಮಾಡಿದ.

ಹೆಂಡತಿ ಕೈ ಚಾಚಿದಳು. ಚೀಟಿ ಸಾರ್ ಫೋನು ತೆಗೆದು ಆ ಕೈಯಲ್ಲಿಟ್ಟರು.

“ನಾಳೆ ಆಸ್ಪತ್ರೆಗೆ ಏನು ಹಾಕ್ಕೊಂಡು ಹೋಗ್ತೀರಿ?” ಎಂದಳು ಅವಳು. ಕೋಪವಿರಲಿಲ್ಲ, ದಣಿವಿತ್ತು. ಉತ್ತರಕ್ಕೆ ಕಾಯದೆ ಅವರ ಫೋನಿನಲ್ಲೇ ಒಂದು ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

“ಅಣ್ಣಾ, ನಾನು. ಊಟ ಆಯ್ತಾ? ಏನಿಲ್ಲ, ನಿಂದೊಂದು ಬಿಳಿ ಶರ್ಟು ಬೇಕಿತ್ತು, ಇವರಿಗೆ. ಏನಾಯ್ತು ಅಂದ್ರೆ…”

ಅವಳು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಚೀಟಿ ಸಾರ್ ನೀಲಿ ಶರ್ಟುಗಳ ನಡುವೆ ತಲೆ ತಗ್ಗಿಸಿ ಕಾದರು. ಆ ಕಡೆ ಭಾವ ತಲೆಯನ್ನು ಒಂದು ಕಡೆಗೆ ವಾಲಿಸುತ್ತಿರಬೇಕು. ಆಮೇಲೆ ಫೋನಿನಿಂದ ಆ ಧ್ವನಿ ಅಂಗಳಕ್ಕೆಲ್ಲ ಕೇಳುವಂತೆ ಬಂತು.

“ನನ್ನನ್ನ ಒಂದು ಮಾತು ಕೇಳಿದ್ದಿದ್ರೆ…”